ಸತ್ತೆವ್ವ ಏನೂ ನೋಡಲಿಲ್ಲ

ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಗೈಡ್ ಕೈ ಚಾಚಿದ. ರಾಜಶ್ರೀ ಅದನ್ನು ಹಿಡಿಯಲಿಲ್ಲ. ಕಂಬಿ ಹಿಡಿದು ತಾನೇ ಹತ್ತಿದಳು. ಹಿಂದಿದ್ದ ಅತ್ತೆ ಸತ್ತೆವ್ವ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು. ಮೇಲೆ ಬಂದ ಮೇಲೂ ಕೂಡಲೇ ಬಿಡಲಿಲ್ಲ.

"ನಮಗ ಮುಂದಿನ ಸೀಟು ಬೇಕು ನೋಡು, ತಮ್ಮಾ," ಎಂದಳು.

ಹಳಿಯಾಳದಿಂದ ದಾಂಡೇಲಿ, ಸೂಪಾ ಅಣೆಕಟ್ಟು, ಕುಂಬಾರವಾಡದ ಮೇಲೆ ಉಳವಿ, ಸಂಜೆಗೆ ವಾಪಸ್ಸು. ಹೊಲ ಮತ್ತು ಸಂತೆ ಬಿಟ್ಟರೆ ಎಲ್ಲಿಗೂ ಹೋಗದ ಸತ್ತೆವ್ವನಿಗೆ ಇದ್ದಕ್ಕಿದ್ದಂತೆ ಪ್ರವಾಸದ ಹುಚ್ಚು ಹಿಡಿದಿತ್ತು. ಅದೂ ಈ ಭಾನುವಾರವೇ ಆಗಬೇಕು, ಇದೇ ಬಸ್ಸು ಆಗಬೇಕು. ರಾಜಶ್ರೀ ಮೈ ಬಿಸಿಯಾಗಿದೆ ಎಂದು ನೆಪ ಹೇಳಿ ನೋಡಿದಳು. "ಹೊರಗಿನ ಗಾಳಿಗೆ ಇಳೀತೈತಿ, ನಡಿ," ಎಂದು ಅತ್ತೆ ಟ್ರಂಕಿನಿಂದ ಹೊಸ ಇಳಕಲ್ ಸೀರೆ ತೆಗೆದು ಕೈಗಿಟ್ಟಿದ್ದಳು.

ಆ ಸೀರೆ ಈಗ ಮೈಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಗಂಡ ಈರೇಶ ಬೈಕಿನಿಂದ ಬಿದ್ದು ತೀರಿಕೊಂಡಾಗ ನೆಂಟರೆಲ್ಲ ಒಂದೇ ಮಾತು ಆಡಿದ್ದರು: ಸೊಸೆಯನ್ನು ತವರಿಗೆ ಕಳಿಸಿಬಿಡು. ಸತ್ತೆವ್ವ ಹೊಸ್ತಿಲ ಮೇಲೆ ನಿಂತು, "ಈಕಿ ಎಲ್ಲೂ ಹೋಗಂಗಿಲ್ಲ," ಎಂದಿದ್ದಳು. ಅಂದು ನೆರಳಾಗಿದ್ದ ಮಾತು ಈಚೆಗೆ ಕಟ್ಟಿಹಾಕಿದ ಹಗ್ಗವಾಗಿತ್ತು. ದ್ರಾಕ್ಷಾಯಣಿಯ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಬ್ಬಾತ ಮದುವೆಯಾಗುವೆಯಾ ಎಂದು ಕೇಳಿದ್ದ. ರಾಜಶ್ರೀ ಹೂಂ ಎಂದಿದ್ದಳು. ಅತ್ತೆಗೆ ಇನ್ನೂ ಹೇಳಿರಲಿಲ್ಲ. ಇವತ್ತು ಮನೆ ಮುಟ್ಟಿದ ಮೇಲೆ ಹೇಳಲೇಬೇಕು. ಅಲ್ಲಿಯ ತನಕವಾದರೂ ಮುದುಕಿ ನಗುತ್ತಿರಲಿ.

ಮುದುಕಿ ನಗುತ್ತಲೇ ಇದ್ದಳು. ಡಬ್ಬಿ ಬಿಚ್ಚಿ ಬಸ್ಸಿಗೆಲ್ಲ ಖಾರದ ಅವಲಕ್ಕಿ ಹಂಚಿದಳು. ಮೊದಲ ಹಿಡಿಯನ್ನು ಸೊಸೆಯ ಅಂಗೈಗೆ ಸುರಿದಳು. ರಾಜಶ್ರೀ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಗೈಡ್ ವೀರೇಶ ಮೈಕು ಹಿಡಿದು ಕಾಳಿ ನದಿಯ ಬಗ್ಗೆ ಹೇಳತೊಡಗಿದ. ಎರಡು ಸಲ ದಾಂಡೇಲಿಗೆ ಹಳಿಯಾಳ ಎಂದ. ಜನ ನಕ್ಕರು. ಹೊಸಬನಿರಬೇಕು ಎಂದು ಯಾರೋ ಅಂದರು.

"ನಿಂದು ಯಾವೂರು, ತಮ್ಮಾ?" ಸತ್ತೆವ್ವ ನಡುವೆಯೇ ಕೇಳಿದಳು.

"ಚಿಗಳ್ಳಿ ರೀ, ಯವ್ವಾ. ಮುಂಡಗೋಡ ತಾಲೂಕು."

"ಮನ್ಯಾಗ ಯಾರ್ಯಾರು ಅದಾರ?"

"ಅವ್ವ ಒಬ್ಬಾಕಿ ಅದಾಳ್ರಿ. ಕಣ್ಣು ಕಾಣಂಗಿಲ್ಲ."

"ಮತ್ತ ಅಡಿಗಿ?"

"ನಾನ ಮಾಡಿಟ್ಟು ಬರ್ತೇನಿ ರೀ."

ಅಷ್ಟಕ್ಕೇ ಬಿಡಲಿಲ್ಲ. ಡ್ರೈವರ್ ಪುಂಡಲೀಕನಿಗೆ ಎಷ್ಟು ಮಕ್ಕಳು, ಹುಬ್ಬಳ್ಳಿಯ ಜೋಡಿಗೆ ಮನೆ ಸ್ವಂತದ್ದೋ ಬಾಡಿಗೆಯದೋ, ಎಲ್ಲವನ್ನೂ ವಿಚಾರಿಸಿದಳು. ಮತ್ತೆ ವೀರೇಶನತ್ತ ತಿರುಗಿದಳು. ರಾಜಶ್ರೀ ಮೊಣಕೈಯಿಂದ ಮೆಲ್ಲಗೆ ತಿವಿದಳು. "ಅತ್ತೀ, ಸಾಕು ಬಿಡ್ರಿ. ಅವರಿಗೆ ಕೆಲಸ ಐತಿ."

"ಕೇಳಿದ್ರ ಬಾಯೇನು ಸವೀತೈತಿ?"

ಸೂಪಾದಲ್ಲಿ ಎಲ್ಲರೂ ಇಳಿದು ಅಣೆಕಟ್ಟಿನತ್ತ ಫೋನು ಹಿಡಿದರು. ಸತ್ತೆವ್ವ ನೀರಿಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಕುಳಿತಳು. ವಾಂತಿ ಮಾಡಿಕೊಂಡ ಹೆಂಗಸೊಬ್ಬಳಿಗೆ ವೀರೇಶ ಬಾಯಿ ತೊಳೆಯಲು ನೀರು ಹಾಕುತ್ತಿದ್ದ. ಮುದುಕಿ ಅದನ್ನೇ ನೋಡುತ್ತಿದ್ದಳು.

"ಅಜ್ಜಿ, ಇಷ್ಟು ದೂರ ಬಂದು ಹೊಳಿನ ನೋಡವಲ್ಲಿ?" ಹುಬ್ಬಳ್ಳಿಯವ ಚೇಷ್ಟೆ ಮಾಡಿದ.

"ಹೊಳಿ ಎಲ್ಲಿ ಹೋಗ್ತೈತಿ?" ಎಂದಳು.

ಉಳವಿಯಲ್ಲಿ ಚನ್ನಬಸವಣ್ಣನ ಗುಡಿಗೆ ಹೋಗಿ ಬಂದರು. ಕಟ್ಟೆಯ ಮೇಲೆ ಸತ್ತೆವ್ವ ಕಾಲು ನೀವಿಕೊಳ್ಳುತ್ತಿದ್ದಾಗ ವೀರೇಶ ಬಂದು ವಿಭೂತಿ, ಒಡೆದ ಕಾಯಿ ಮುಂದಿಟ್ಟ.

"ಈರೇಶನ ಹೆಸರಿಲೆ ಪೂಜಿ ಮಾಡಿಸೇನ್ರಿ, ಯವ್ವಾ."

ರಾಜಶ್ರೀ ತಟ್ಟನೆ ತಲೆ ಎತ್ತಿದಳು. ಮಗನ ಹೆಸರನ್ನು ಸತ್ತೆವ್ವ ಬಸ್ಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ರಾಜಶ್ರೀಯೇ ಇವನಿಗೆ ಹೇಳಿದ್ದು. ಬಸ್ಸಿನವರ ಸಮವಸ್ತ್ರ ಹೊಲಿಸಲು ಬಂದು, ಆಮೇಲೆ ಸುಮ್ಮನೆ ಬಂದು, ಕೊನೆಗೊಂದು ದಿನ ಮದುವೆಯ ಮಾತು ಎತ್ತಿದವನು ಇವನೇ. ತಪ್ಪಿನ ಅರಿವಾಗಿ ಈಗ ಅವನ ಮುಖ ಬೆಳ್ಳಗಾಗಿತ್ತು.

ಸತ್ತೆವ್ವ ಅವನನ್ನು ನೋಡಿದಳು. ಸೊಸೆಯನ್ನು ನೋಡಿದಳು. ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು, ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು.

ವಾಪಸ್ಸು ಬರುವಾಗ, ಬೆಳಗಿನಿಂದ ಬಾಯಿ ಮುಚ್ಚದವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಕಾಡು ಹಿಂದೆ ಸರಿಯಿತು. ಜೋಯಿಡಾ, ದಾಂಡೇಲಿ ದಾಟಿದವು. ಈ ಮುದುಕಿಯ ಅನ್ನ ಉಂಡು, ಇವಳು ಕೊಟ್ಟ ಸೀರೆ ಉಟ್ಟು, ಇವಳ ಕಣ್ಣೆದುರೇ ಇಡೀ ದಿನ ನಾಟಕ ಆಡಿದೆನಲ್ಲ ಎಂದು ರಾಜಶ್ರೀ ಒಳಗೊಳಗೇ ಕುಸಿದಳು. ಮದುವೆ ಬೇಡವೆಂದು ವೀರೇಶನಿಗೆ ನಾಳೆಯೇ ಹೇಳಿಬಿಡುವುದೆಂದು ತೀರ್ಮಾನಿಸಿಯೂ ಆಯಿತು.

ಹಳಿಯಾಳದಲ್ಲಿ ಎಲ್ಲರೂ ಇಳಿದು ಹೋದರು. ರಾಜಶ್ರೀ ಅತ್ತೆಯ ಕಾಲಿನ ಹತ್ತಿರ ಬಗ್ಗಿದಳು. "ಅತ್ತೀ, ನನ್ನ ಕಡೆಯಿಂದ ತಪ್ಪಾಗೇತಿ..."

"ಏಳು. ಸೀರಿ ಮಣ್ಣಾಗ್ತೈತಿ."

ವೀರೇಶ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಕಾಲ ಬುಡದ ನೆಲ ಬಿಟ್ಟು ಅವನ ಕಣ್ಣು ಮೇಲೇಳಲಿಲ್ಲ. "ಯವ್ವಾ, ನಿಮಗ ಇವತ್ತ ಏನೂ ನೋಡಾಕ ಆಗಲಿಲ್ಲ," ಎಂದಷ್ಟೇ ತೊದಲಿದ.

"ದ್ರಾಕ್ಷಾಯಣಿ ಎಲ್ಲಾ ಹೇಳಿದ್ಲು, ನಾ ಹುಡುಗನ್ನ ನೋಡಾಕಂತನ ಈ ಬಸ್ಸು ಹತ್ತಿದ್ದು, ನೋಡೂದು ಆತು," ಎಂದಳು ಸತ್ತೆವ್ವ. "ನಾಳೆ ಸೋಮವಾರ ನಿಮ್ಮ ಅವ್ವನ್ನ ಕೈ ಹಿಡಕೊಂಡು ಕರಕೊಂಡು ಬಾ, ನನ್ನ ಮಗಳನ್ನ ಕೇಳಾಕ."