ಗವಿಯಮ್ಮನ ನೆತ್ತಿ

ಡೈನಮೈಟಿಗೇ ಬೆವರು ಬರ್ಸಿದ ಗಂಡು ಯಾರು ಗೊತ್ತಾ ನಿಮಗೆ? ನಾನೇ. ಚಿನಕುರಳಿ ಕಿಶನ್. ಕಲ್ಲುಕೋರೆಯೋರು ಜಲ್ಲಿ ಮಾಡಕ್ಕೆ ಹೊಂಟಿದ್ದ ಗವಿ ಉಳಿಸ್ದೋನು. ನಿನ್ನೆ ಅದೇ ಗವೀಲಿ ಊರ್ನೇ ಎದುರು ಹಾಕ್ಕಂಡು ಗುಡುಗ್ದೋನು. ಮೊದ್ಲು ಓದಿ, ಆಮೇಲೆ ಶಿಳ್ಳೆ ಹೊಡೀರಿ.

ಆ ಗವಿಯೊಳಗೆ ಮೇಲಿಂದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ನೆಲದ ಮ್ಯಾಲೆ ಒಂದು ಸುಣ್ಣದ ಕಲ್ಲು ಬೆಳ್ದದೆ, ಮೊಣಕಾಲುದ್ದ. ನಮ್ಮ ದೊಡ್ಡಮ್ಮನ ಮಗಳು, ಹೊಣಕೆರೆ ದಿವ್ಯಕ್ಕ, ಹಳೇ ಕಾಲದ ಮಳೆ ಬಗ್ಗೆ ಸಂಶೋಧನೆ ಮಾಡ್ತಾವ್ಳೆ. ಟಾರ್ಚ್ ಬುಟ್ಟು ತೋರ್ಸುದ್ಲು.

"ನೋಡ್ಲಾ, ಮರ ಕೊಯ್ದ್ರೆ ಒಳಗೆ ಬಳೆ ಬಳೆ ಕಾಣ್ತದಲ್ಲ, ಅಂಗೇ ಇದ್ರೊಳಗೂ ಪದರ ಅವೆ. ಮಳೆ ಚೆನ್ನಾಗಿ ಹುಯ್ದ ಕಾಲದ್ದು ಒಂಥರ, ಕೈಕೊಟ್ಟ ಕಾಲದ್ದು ಒಂಥರ. ಶ್ರೀರಂಗಪಟ್ಣದ ಕೋಟೆ ಕಟ್ಟಕ್ಕೆ ಮುಂಚಿನ ಮುಂಗಾರೂ ಇದ್ರಲ್ಲೈತೆ."

"ಅಂದ್ರೆ ಫ್ಲಾಶ್‌ಬ್ಯಾಕಾ?"

"ಊಂ ಕಣ್ಲಾ. ಇನ್ನೂ ಓಡ್ತಾನೇ ಅದೆ. ಈಗ ಬೀಳೋ ಹನಿ ಅಳೆದ್ರೇನೇ ಹಳೇ ಪದರ ಓದಕ್ಕಾಗೋದು. ಹನಿ ನಿಂತ್ರೆ ನನ್ನ ಕೆಲ್ಸ ಮುಗೀತು."

ಕೋರೆ ಮೇಸ್ತ್ರಿ ಕೇಳ್ಬೇಕಲ್ಲ! "ಮುಂದಿನ ವಾರ ಸಿಡಿಸ್ತೀವಿ. ಕಲ್ಲು ಕಲ್ಲೇ ತಾನೆ?" ಅಂದ. ದಿವ್ಯಕ್ಕ ಪಾಂಡವಪುರದ ತಾಲ್ಲೂಕಾಫೀಸಿಗೆ ಅಲೆದೂ ಅಲೆದೂ ಚಪ್ಲಿ ಸವೆಸ್ಕಂಡ್ಲು, ಯಾವೋನೂ ತಲೆ ಎತ್ತಿ ನೋಡ್ಲಿಲ್ಲ. ನಂಗೆ ಪಿತ್ತ ನೆತ್ತಿಗೇರ್ತು. ಬೆಳ್ಳಂಬೆಳಗ್ಗೆ ಅವ್ವನ ಡಬ್ಬಿ ಕುಂಕುಮ ಎತ್ಕಂಡೋಗಿ ಕಲ್ಲಿಗೆ ಬಳ್ದೆ, ಅರಿಶಿನದ ದಾರ ಸುತ್ತಿದೆ. ಆಮೇಲೆ ಡೈರಿ ಮುಂದೆ ಕ್ಯಾನ್ ಹಿಡ್ಕಂಡು ನಿಂತಿದ್ದೋರ ಕಿವೀಲಿ "ಗವೀಲಿ ಅಮ್ಮ ಎದ್ದವ್ಳೆ" ಅಂತ ಬುಟ್ಟೆ. ಹಾಲು ಅಳೆದು ಮುಗಿಯೋದ್ರೊಳಗೆ ಅರ್ಧ ಊರು ಗುಡ್ಡ ಹತ್ತಿತ್ತು. ಮೇಸ್ತ್ರೀನೂ ಚಪ್ಲಿ ಬುಟ್ಟು ಕೈ ಮುಗ್ದ. ದಿವ್ಯಕ್ಕ ಫೋನಲ್ಲಿ, "ಕತ್ತೆ, ಉಳಿಸ್ಬುಟ್ಟೆ ಕಣ್ಲಾ!" ಅಂತ ನಕ್ಕಿದ್ದೇ ನಕ್ಕಿದ್ದು. ಇಂಟರ್ವಲ್!

ಎರಡು ತಿಂಗ್ಳು ಬುಟ್ಟು ನಿನ್ನೆ ಅವಳು ಹನಿ ಹಿಡಿಯಕ್ಕೆ ಸೀಸೆ ತಕಂಡು ಬಂದ್ಲು. ನೆಲಕ್ಕೆ ಟೈಲ್ಸು. ಬಾಗಿಲಿಗೆ ಗ್ರಿಲ್ಲು. ಮ್ಯಾಲೆ ಹನಿ ಬೀಳೋ ಬಿರುಕಿತ್ತಲ್ಲ, ಅದಕ್ಕೆ ಸಿಮೆಂಟು. ಕಲ್ಲು ಒಣಗಿ ನಿಂತಿತ್ತು.

"ಯಾರು ಮುಚ್ಚಿದ್ದು?" ದಿವ್ಯಕ್ಕ ಸೀಸೆ ಎತ್ತಿ ಮ್ಯಾಲೆ ತೋರ್ಸುದ್ಲು.

"ನಾವೇ ಕಣವ್ವ," ಅಂದ ಪೂಜೆಗೆ ನಿಂತಿದ್ದ ಶಿವಣ್ಣ ಮಾವ, ಎದೆ ಉಬ್ಬಿಸ್ಕಂಡು. "ಅಮ್ಮನ ನೆತ್ತಿ ಮ್ಯಾಲೆ ಹಗಲೂ ರಾತ್ರಿ ಸೋರ್ತಿತ್ತು. ನಿಮ್ಮನೆ ಸೋರುದ್ರೆ ಸುಮ್ಕಿರ್ತೀಯಾ?"

ಆಗ ಎಂಟ್ರಿ ಕೊಟ್ಟೆ ನೋಡಿ. "ಏಯ್ ಮಾವ! ಸಾವಿರಾರು ವರ್ಷದಿಂದ ಮಾತಾಡ್ತಿದ್ದ ಮಳೆ ಬಾಯಿಗೇ ಸಿಮೆಂಟ್ ಮೆತ್ತಿದೀಯಲ್ಲ! ಕಿತ್ತಾಕು ಅದ್ನ! ಅಮ್ಮನೂ ಇಲ್ಲ, ಗಿಮ್ಮನೂ ಇಲ್ಲ, ಅದು ನಮ್ಮವ್ವನ ಡಬ್ಬಿ ಕುಂಕುಮ!" ಗವಿಗೆ ಗವೀನೇ ನಡುಗೋಯ್ತು.

ಊಂ... ಬುಡಿ, ನಿಜ ಹೇಳ್ಬುಡ್ತೀನಿ. ಆ ಡೈಲಾಗ್ ಹೊಡ್ದಿದ್ದು ವಾಪಸ್ ಬರ್ತಾ, ಬೈಕಿನ ಕನ್ನಡಿಗೆ. ಗವೀಲಿ ನಾಲಿಗೆ ಏಳ್ಲಿಲ್ಲ. ಹೇಳುದ್ರೆ ನಾಳೇನೇ ಮೇಸ್ತ್ರಿ ಸಿಡಿಸಕ್ಕೆ ಬತ್ತಾನೆ. ಹೇಳ್ದಿದ್ರೆ ಹನಿ ಬರಲ್ಲ. ದಿವ್ಯಕ್ಕ ಖಾಲಿ ಸೀಸೆ ಹಿಡ್ಕಂಡು ನನ್ನೇ ನೋಡ್ತಿದ್ಲು.

"ತಕಳಪ್ಪ," ಅಂತ ಶಿವಣ್ಣ ಮಾವ ತೀರ್ಥ ಹುಯ್ದ. ಕೈಯೊಡ್ಡಿ ಕುಡ್ದೆ.

ಅಂಗಡಿಯಿಂದ ತಂದ ಕ್ಯಾನ್ ನೀರು.