ವಾಷಿಂಗ್ಟನ್ ಹೆಸರಲ್ಲಿ ಒಂದು ಟೋಸ್ಟ್

ವೈನ್ ಗ್ಲಾಸು ಹಿಡಿದು ಮೈಕಿನತ್ತ ಹೊರಟಿದ್ದ ಪ್ಯಾಟ್ರಿಕ್‌ನ ತೋಳನ್ನು ಮದುಮಗ ಜೆಫ್ರಿ ಹಿಡಿದೆಳೆದ.

"ಅಂಕಲ್, ನೆನಪುಂಟಲ್ಲ? ವಿಧವೆ ಅನ್ನಬಾರದು, ಮಕ್ಕಳು ಅನ್ನಬಾರದು. ಆ ಎರಡು ಶಬ್ದ ಕಿವಿಗೆ ಬಿದ್ರೆ ಅಮ್ಮ ಊಟಕ್ಕೂ ಕೂತುಕೊಳ್ಳುದಿಲ್ಲ, ನಾಳೆಯೇ ಮಂಗಳೂರಿಗೆ ಹೊರಡ್ತಾರೆ."

"ನೀನು ಆರಾಮ ನಿಲ್ಲು ಮಾರಾಯ. ಇಪ್ಪತ್ತಾರು ಮದುವೆಗೆ ಟೋಸ್ಟ್ ಎತ್ತಿದವ ನಾನು."

ಕಡಲಾಚೆಯ ಊರು ಬಾಂಗ್ಸಾರಿನ ಆ ಸಭಾಂಗಣದ ಮೊದಲ ಸಾಲಿನಲ್ಲೇ ಕೂತಿದ್ದರು ಜೆಫ್ರಿಯ ತಾಯಿ ಬ್ಲಾಂಚ್ ಬಾಯಿ, ಗಂಜಿ ಹಾಕಿದ ತಮ್ಮ ಸೀರೆಯಷ್ಟೇ ಬಿಗಿಯಾಗಿ. ನಲವತ್ತೊಂದರ ಮಗ, ಗಂಡನನ್ನು ಕಳೆದುಕೊಂಡ ಇಬ್ಬರು ಮಕ್ಕಳ ತಾಯಿ ಶರ್ಲಿಯನ್ನು ಮದುವೆಯಾಗುವುದಕ್ಕೆ ಅವರು ಒಪ್ಪಿ ಬಂದಿರಲಿಲ್ಲ, ಬರೀ ಬಂದಿದ್ದರು. ಹಿಂದಿನ ಸಾಲಿನಲ್ಲಿ ಆ ಇಬ್ಬರು: ಹತ್ತು ವರ್ಷದ ಮೆರಿಲ್, ಆರರ ತಮ್ಮ ಎಲ್‌ಸ್ಟನ್.

ಪ್ಯಾಟ್ರಿಕ್ ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಿಸುವ ಕಂಪನಿಯವ. ಗ್ಲಾಸೆತ್ತಿ ಶುಭ ಕೋರುವ ಪ್ರತಿ ಟೋಸ್ಟಿಗೂ ಒಬ್ಬ ಮಹಾಪುರುಷನ ದಾಂಪತ್ಯವನ್ನು ತಂದು ಮದುಮಕ್ಕಳಿಗೆ ಹೋಲಿಸುವುದು ಅವನ ಪದ್ಧತಿ. ಈ ಸಲ ಎಷ್ಟು ದೂರ ಹೋದರೆ ಅಷ್ಟು ಕ್ಷೇಮವೆಂದು ಅಮೆರಿಕಕ್ಕೇ ಹೋಗಿದ್ದ. ರೈಲಿನಲ್ಲಿ ಬರುತ್ತ ಮೊಬೈಲಿನಲ್ಲಿ ಅಲ್ಲಿನ ಮೊದಲ ಅಧ್ಯಕ್ಷರ ಮದುವೆಯ ಬಗ್ಗೆ ಓದತೊಡಗಿ, ಗಂಡ ಹೆಂಡಿರ ಎತ್ತರ ಕಂಡದ್ದೇ ಖುಷಿಯಾಗಿ, ಸ್ಟೇಷನ್ ಬಂತೆಂದು ಮುಂದೆ ಓದದೆ ಇಳಿದುಬಿಟ್ಟಿದ್ದ.

"ಜಾರ್ಜ್ ವಾಷಿಂಗ್ಟನ್ ಆರಡಿಗೂ ಮೇಲೆ! ಹೆಂಡತಿ ಮಾರ್ಥಾ ಐದೇ ಅಡಿ!" ಎಂದು ಶುರುಮಾಡಿದ, ತಮ್ಮ ಮನೆಮಾತು ಬಾರದ ಉಡುಪಿಯ ಕೆಲವು ಡಾಕ್ಟರುಗಳೂ ಅತಿಥಿಗಳಾಗಿ ಬಂದಿದ್ದರಿಂದ ಕನ್ನಡದಲ್ಲೇ. "ಈಗ ನಮ್ಮವರನ್ನು ನೋಡಿ. ಮುತ್ತು ಕೊಡ್ಲಿಕ್ಕೆ ಶರ್ಲಿಗೆ ಸ್ಟೂಲ್ ಬೇಕು!" ಹಿಂದಿನ ಮೇಜುಗಳಿಂದ ಸಿಳ್ಳೆ ಬಂತು. ಪ್ಯಾಟ್ರಿಕ್‌ಗೆ ಹುರುಪೇರಿತು. "ಆದರೂ ಆ ಜೋಡಿ ನಲವತ್ತು ವರ್ಷ ಬಾಳಿತು ಮಾರಾಯ್ರೆ! ನಮ್ಮ ಜೋಡಿಯೂ ಎಲ್ಲದರಲ್ಲಿ ಅವರ ಹಾಗೇ ಇರಲಿ. ಎಲ್ಲದರಲ್ಲಿ!"

"ಅಂಕಲ್!" ಮೆರಿಲ್ ಕುರ್ಚಿಯ ಮೇಲೆ ಎದ್ದು ನಿಂತಿದ್ದಳು. ಶಾಲೆಗೆಂದು ಆ ವಾರವಷ್ಟೇ ವಾಷಿಂಗ್ಟನ್ ಮೇಲೆ ಪ್ರಾಜೆಕ್ಟ್ ಮಾಡಿದ್ದವಳು, ಖುಷಿ ತಡೆಯಲಾರದೆ, ಅಲ್ಲಿನ ಮಕ್ಕಳ ಹಾಗೆ ‘ಲಾ’ ಸೇರಿಸಿ, ಇಂಗ್ಲಿಷಿನಲ್ಲಿ ಕೂಗಿದಳು. "ಶೀ ವಾಸ್ ಎ ವಿಡೋ ಲಾ! ಶೀ ಹ್ಯಾಡ್ ಟೂ ಕಿಡ್ಸ್ ಆಲ್ರೆಡಿ! ಒನ್ ಬಾಯ್, ಒನ್ ಗರ್ಲ್! ಸೇಮ್ ಲೈಕ್ ಅಸ್!"

ಎಲ್ಲರ ಕಣ್ಣುಗಳು ಬ್ಲಾಂಚ್ ಬಾಯಿಯವರತ್ತ ತಿರುಗಿದವು. ಒಳಗೇನುಂಟೆಂದು ನೋಡದೆ ಕಂಟೇನರಿಗೆ ಸೀಲ್ ಹೊಡೆದುಬಿಟ್ಟೆನಲ್ಲ ಎಂದು ಪ್ಯಾಟ್ರಿಕ್ ಬೆವರಿದ. ಸೀಲ್ ಒಡೆದಾಯಿತು, ಇನ್ನು ಬಾಗಿಲು ಪೂರ್ತಿ ತೆರೆಯುವುದೇ ವಾಸಿ.

"ಮತ್ತೆ ಅವನ ಸ್ವಂತ ಮಕ್ಕಳು ಎಷ್ಟು, ಮಗಾ?"

"ಝೀರೋ!"

"ಕೇಳಿದ್ರಾ? ಸ್ವಂತದ್ದು ಒಂದೂ ಇಲ್ಲ. ಆ ಇಬ್ಬರನ್ನೇ ಸಾಕಿದ. ಕಡೆಗೆ ಇಡೀ ದೇಶ ಅವನನ್ನು ಅಪ್ಪ ಅಂತು!"

ಚಪ್ಪಾಳೆ ಹೊಡೆಯಲು ಎತ್ತಿದ ಕೈಗಳು ಹಾಗೇ ನಿಂತವು. ಬ್ಲಾಂಚ್ ಬಾಯಿ ಎದ್ದಿದ್ದರು. ಜೆಫ್ರಿ ಕಣ್ಣು ಮುಚ್ಚಿದ; ಶರ್ಲಿ ಅವನ ಕೋಟಿನ ತೋಳು ಹಿಡಿದುಕೊಂಡಳು. ಬ್ಲಾಂಚ್ ಬಾಯಿ ಬಾಗಿಲ ಕಡೆ ಹೋಗಲಿಲ್ಲ, ಹಿಂದಕ್ಕೆ ತಿರುಗಿದರು.

"ಏ ಹುಡುಗಿ, ಎಲ್ಲ ಓದಿದ್ದಿ ಅಲ್ವಾ? ಆ ವಾಷಿಂಗ್ಟನ್ನನ ತಾಯಿ ಮಗನ ಮದುವೆಗೆ ಬಂದಿದ್ದಳಾ?"

ಮೆರಿಲ್ ತಲೆ ಕೆರೆದುಕೊಂಡಳು. "ಡೋಂಟ್ ನೋ, ಗ್ರ್ಯಾನಿ. ಮೈ ಬುಕ್ ಡಿಡಂಟ್ ಸೇ."

ಬ್ಲಾಂಚ್ ಬಾಯಿ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೈಚೀಲವನ್ನೆತ್ತಿ ನೆಲಕ್ಕಿಟ್ಟು, ಇಲ್ಲಿ ಬಂದು ಕೂರು ಎಂದು ಕುರ್ಚಿ ತಟ್ಟಿದರು.

"ನಾನು ಬಂದಿದ್ದೇನೆ. ಅದನ್ನು ಬರೆದಿಡು."