ಒಗ್ಗರಣೆ ಹಾಕಿದ ಬೇಕ್ಡ್ ಬೀನ್ಸ್

ಬೇಕ್ಡ್ ಬೀನ್ಸಿನ ಕೆಂಪು ಸಾಸಿನಲ್ಲಿ ಸಾಸಿವೆ ಕಾಳುಗಳು ತೇಲುತ್ತಿದ್ದವು. ಈಗಲೂ ಆಫೀಸಿನ ಕೆಳಗಿನ ಕೆಫೆಯಲ್ಲಿ ಆ ಬೀನ್ಸ್ ಬಿಸಿಯಾಗುವ ವಾಸನೆ ಬಂದರೆ ಸಿಂಗಾಪುರದ ಹೌಗಾಂಗಿನಲ್ಲಿದ್ದ ನಮ್ಮ ಮನೆಯ ಒಂದು ಭಾನುವಾರ ನೆನಪಾಗುತ್ತದೆ.

ತರಗತಿಯ ಗೆಳತಿ ಕ್ಲಾರಾಳನ್ನು ಮೊದಲ ಸಲ ಮನೆಗೆ ಕರೆದಿದ್ದೆ. ಸಾಸೇಜು, ಮೊಟ್ಟೆ, ಬೀನ್ಸ್, ಟೋಸ್ಟ್ ಎಲ್ಲ ಇರುವ ಫುಲ್ ಇಂಗ್ಲಿಷ್ ಬ್ರೇಕ್‌ಫಾಸ್ಟ್ ಇರುತ್ತದೆ ಎಂದೂ ಹೇಳಿದ್ದೆ. ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆ. ಸಾಸೇಜಿನ ಜಾಗಕ್ಕೆ ಬಾಳೆಕಾಯಿ ಬಜ್ಜಿ ಬಂತು. ಬೀನ್ಸಾದರೂ ಸರಿಯಾಗಿರಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

"ಅಮ್ಮಾ, ಇದಕ್ಯಾಕೆ ಒಗ್ಗರಣೆ? ಟಿನ್ ಓಪನ್ ಮಾಡಿ ಬಿಸಿ ಮಾಡಿದ್ರೆ ಸಾಕಿತ್ತು!"

"ಮನೆಗೆ ಬಂದವರಿಗೆ ಡಬ್ಬಿಯಿಂದ ಹಾಗೇ ಸುರೀತಾರೇನೇ? ಇಂಗು ಕಮ್ಮಿನೇ ಹಾಕಿದೀನಿ."

"ಹಾಫ್ ಇಂಗ್ಲಿಷ್, ಹಾಫ್ ಮೈಸೂರು," ಎಂದು ಅಪ್ಪ ನಕ್ಕರು. ನನಗೆ ಅಳು ಬಂತು.

ಕ್ಲಾರಾ ಕರಿಬೇವಿನ ಎಲೆಗಳನ್ನು ತಟ್ಟೆಯ ಅಂಚಿಗೆ ಸರಿಸಿ, ಬೀನ್ಸ್ ಮುಟ್ಟದೆ, ಬರೀ ಟೋಸ್ಟ್ ತಿಂದಳು. ಹೊರಡುವಾಗ "ವೆರಿ ನೈಸ್, ಆಂಟಿ" ಎಂದಳು.

"ನೋಡಿದ್ಯಾ, ಇಷ್ಟ ಆಯ್ತು ಅವಳಿಗೆ," ಎಂದಳು ಅಮ್ಮ.

ಮರುದಿನ ಬೆಳಿಗ್ಗೆ ಅಮ್ಮ ಉಳಿದ ಬೀನ್ಸನ್ನು ಕ್ಲಾರಾಳಿಗೆಂದು ಡಬ್ಬಿಗೆ ಹಾಕಿಕೊಟ್ಟಳು. ಶಾಲೆಗೆ ಹೋಗುವ ಮೊದಲು ನಮ್ಮ ಬ್ಲಾಕ್‌ನ ಕೆಳಗೆ, ಕಂಬಗಳ ನಡುವೆ ತೆರೆದಿರುವ ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಕೂತು, ಎಲೆಗಳನ್ನೂ ಬಿಡದೆ ಅಷ್ಟನ್ನೂ ನಾನೇ ತಿಂದೆ.